ಎರವಲು ಹೋದ ವಸ್ತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಸ್ನೇಹಿತರಿಗೆ ಕೊಟ್ಟ ವಸ್ತು ವಾಪಸ್ ಬರದಿದ್ದಾಗ ಥಟ್ಟನೆ ಬಾಯಿಗೆ ಬರುವುದು ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ. ಕೊಟ್ಟವರ ಸಂಕಟವನ್ನು ಅದು ಸರಿಯಾಗಿಯೇ ಹಿಡಿದಿದೆ. ಇಸ್ಕೊಂಡವರ ವಿಷಯದಲ್ಲಿ ಮಾತ್ರ ಅಷ್ಟು ನಿಜವಿಲ್ಲ. ವಸ್ತು ಅವರ ಬೀರುವಿನ ಮೇಲೋ ಮಂಚದ ಕೆಳಗೋ ಕೂತಿರುತ್ತದೆ. ಕಣ್ಣಿಗೆ ಬಿದ್ದಾಗಲೆಲ್ಲ ‘ಛೆ, ಇದನ್ನು ಕೊಟ್ಟುಬಿಡಬೇಕಿತ್ತು’ ಎಂದು ಮನಸ್ಸು ಚುಚ್ಚುತ್ತದೆ. ಇಷ್ಟು ದಿನ ಬಿಟ್ಟು ಈಗ ಹೇಗೆ ಕೊಡುವುದು ಎಂದು ಅವರು ಸುಮ್ಮನಾಗುತ್ತಾರೆ, ಇಷ್ಟು ಸಣ್ಣದಕ್ಕೆ ಹೇಗೆ ಕೇಳುವುದು ಎಂದು ಇವರು ಸುಮ್ಮನಾಗುತ್ತಾರೆ. ಸ್ನೇಹಿತರ ನಡುವೆ ಮೋಸದಿಂದ ಹೋಗುವ ವಸ್ತು ಕಡಿಮೆ. ಬಹುಪಾಲು ವಸ್ತುಗಳು ಎರಡು ಕಡೆಯ ದಾಕ್ಷಿಣ್ಯದ ನಡುವೆ ಸಿಕ್ಕಿಹಾಕಿಕೊಂಡಿರುತ್ತವೆ. ಆ ದಾಕ್ಷಿಣ್ಯ ಹುಟ್ಟುವ ಮೊದಲು, ಅಂದರೆ ವಸ್ತು ಕೈ ಬದಲಾಯಿಸುವ ಹೊತ್ತಿನಲ್ಲೇ, ಒಂದೆರಡು ಮಾತು ಆಡಿಬಿಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮುಜುಗರ ಹೇಗೆ ಬಲಿಯುತ್ತದೆ ನೋಡಿ. ಹೇಳಿದ ದಿನ ದಾಟಿ ಮೂರು ದಿನವಾಗಿದ್ದರೆ ‘ಅಯ್ಯೋ, ಮರೆತೇಬಿಟ್ಟೆ, ನಾಳೆ ತರ್ತೀನಿ’ ಎಂದರೆ ಸಾಕು. ಒಂದು ತಿಂಗಳಾದರೆ ಒಂದು ಕಾರಣ ಬೇಕಾಗುತ್ತದೆ. ಆರು ತಿಂಗಳಾದರೆ ಕಾರಣ ಸಾಲದು, ಕ್ಷಮೆ ಕೇಳಬೇಕು. ವರ್ಷ ದಾಟಿದರೆ ವಿಷಯ ಎತ್ತುವುದೇ ಕಷ್ಟ. ಆ ಹೊತ್ತಿಗೆ ಕೊಟ್ಟವರೂ ಮರೆತಿರಬಹುದು ಎಂಬ ಆಸೆ ಹುಟ್ಟುತ್ತದೆ. ಕೊಟ್ಟವರು ಸಾಮಾನ್ಯವಾಗಿ ಮರೆತಿರುವುದಿಲ್ಲ, ಬಾಯಿ ಬಿಟ್ಟಿರುವುದಿಲ್ಲ ಅಷ್ಟೇ. ಶಿಕಾಗೋ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರ್‌ನಲ್ಲಿ ತಡವಾದ ಪುಸ್ತಕಗಳ ದಂಡವನ್ನು ರದ್ದು ಮಾಡಿ ಹಳೆಯ ಬಾಕಿಯನ್ನೂ ಮನ್ನಾ ಮಾಡಿತು. ದಂಡದ ಭಯ ಹೋದರೆ ಜನ ಪುಸ್ತಕ ಕೊಡುವುದನ್ನೇ ಬಿಟ್ಟುಬಿಡುತ್ತಾರೆ ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ಉಲ್ಟಾ. ಎಷ್ಟೋ ಕಾಲದಿಂದ ಮನೆಗಳಲ್ಲಿ ಉಳಿದುಹೋಗಿದ್ದ ಪುಸ್ತಕಗಳು ಹಿಂದಕ್ಕೆ ಬರತೊಡಗಿದವು. ತಡವಾಗಿದೆ ಎಂಬ ಭಾರವೇ ಅವುಗಳನ್ನು ತಡೆದು ನಿಲ್ಲಿಸಿತ್ತು. ಸ್ನೇಹಿತರ ನಡುವೆ ದಂಡವಿಲ್ಲ, ಆದರೆ ಆ ಭಾರ ಇದ್ದೇ ಇದೆ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಕೆಲಸ ಮಾಡುತ್ತದೆ. ಕೈಯಲ್ಲಿರುವ ವಸ್ತು ನಿಧಾನಕ್ಕೆ ನಮ್ಮದೇ ಅನಿಸತೊಡಗುತ್ತದೆ. ಸಂಶೋಧಕರಾದ ಕಾನೆಮನ್, ನೆಟ್ಷ್ ಮತ್ತು ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟನ್ನು ಅವರು ಕೇಳಿದರು. ಮಗ್ ಅವರ ಕೈಗೆ ಬಂದು ಬಹಳ ಹೊತ್ತೇನೂ ಆಗಿರಲಿಲ್ಲ. ಒಂದು ವರ್ಷ ಕಪಾಟಿನಲ್ಲಿ ಕೂತ ಪುಸ್ತಕ, ಮೂರು ಸಲ ಪ್ರವಾಸಕ್ಕೆ ಹೋಗಿ ಬಂದ ಸೂಟ್‌ಕೇಸ್ ಮನೆಯ ಸಾಮಾನಿನ ಜೊತೆ ಬೆರೆತುಹೋಗುವುದು ಆಶ್ಚರ್ಯವೇನಲ್ಲ. ತೆಗೆದುಕೊಂಡವರು ಸುಳ್ಳು ಹೇಳುತ್ತಿರುವುದಿಲ್ಲ. ಅದು ಯಾರದೆಂಬುದೇ ಅವರಿಗೆ ನಿಜವಾಗಿ ಮಸುಕಾಗಿರುತ್ತದೆ. ಹಾಗಾಗಿ ವಾಯಿದೆ ಚಿಕ್ಕದಿದ್ದಷ್ಟೂ ಒಳ್ಳೆಯದು.

ಮೊದಲ ಮಾತು ದಿನದ್ದು. ‘ಆಮೇಲೆ ಯಾವಾಗಲಾದ್ರೂ ಕೊಡು, ಅರ್ಜೆಂಟ್ ಏನಿಲ್ಲ’ ಎನ್ನುವುದು ಒಳ್ಳೆಯ ಮನಸ್ಸಿನಿಂದ ಬರುವ ಮಾತೇ. ಆದರೂ ಎರವಲಿನ ವಿಷಯದಲ್ಲಿ ಅಷ್ಟು ಹಾನಿ ಮಾಡುವ ಮಾತು ಇನ್ನೊಂದಿಲ್ಲ. ಪ್ರಾಚೀನ ರೋಮನ್ ಕಾನೂನು ಇಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳನ್ನು ಗುರುತಿಸಿತ್ತು. ಇಂಥ ಕೆಲಸಕ್ಕೆ, ಇಷ್ಟು ಕಾಲಕ್ಕೆ ಎಂದು ಪುಕ್ಕಟೆಯಾಗಿ ಕೊಟ್ಟರೆ ಅದು ಕೊಮೊಡಾಟುಮ್. ಆ ಕೆಲಸ ಮುಗಿಯುವವರೆಗೆ ಕೊಟ್ಟವನೂ ಕೈ ಹಾಕುವಂತಿಲ್ಲ, ಮುಗಿದ ಮೇಲೆ ಪಡೆದವನು ಅದೇ ವಸ್ತುವನ್ನು ಹಿಂದಿರುಗಿಸಬೇಕು. ಕಾಲ ಹೇಳದೆ, ಕೊಟ್ಟವನಿಗೆ ಬೇಕೆನಿಸಿದಾಗ ಕಿತ್ತುಕೊಳ್ಳಬಹುದು ಎಂಬ ಲೆಕ್ಕದಲ್ಲಿ ಕೊಟ್ಟರೆ ಅದು ಪ್ರೆಕಾರಿಯುಮ್. ದಿನ ಹೇಳದೆ ಕೊಡುವವರು ಈ ಎರಡನೆಯದನ್ನೇ ಮಾಡುತ್ತಿರುತ್ತಾರೆ. ಆಗ ವಾಪಸ್ ಪಡೆಯುವ ಕೆಲಸ ಪೂರ್ತಿಯಾಗಿ ಕೊಟ್ಟವರ ಬಾಯಿಯ ಮೇಲೆ ಬೀಳುತ್ತದೆ, ಆ ಬಾಯಿಯೋ ದಾಕ್ಷಿಣ್ಯದಿಂದ ಕಟ್ಟಿಹೋಗಿರುತ್ತದೆ.

ದಿನ ಹೇಳುವುದರಲ್ಲೂ ಒಂದು ಹದವಿದೆ. ‘ಮುಂದಿನ ವಾರ’ ಸಾಲದು. ‘ಭಾನುವಾರ ಸಂಜೆ’ ಸರಿ. ‘ಭಾನುವಾರ ಸಂಜೆ ಆರಕ್ಕೆ ನಾನೇ ನಿನ್ನ ಮನೆ ಕಡೆ ಬಂದು ತಗೊಂಡು ಹೋಗ್ತೀನಿ’ ಇನ್ನೂ ಸರಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ಎತ್ತಿ ತೋರಿಸಿದ ಸಂಗತಿ ಇದೇ: ‘ಮಾಡುತ್ತೇನೆ’ ಎಂದಷ್ಟೇ ಅಂದುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಶ್ಚಯಿಸಿಕೊಂಡವರು ಆ ಕೆಲಸವನ್ನು ಮಾಡಿ ಮುಗಿಸುವ ಸಂಭವ ಹೆಚ್ಚು. ದಿನವನ್ನು ತೆಗೆದುಕೊಳ್ಳುವವರ ಬಾಯಲ್ಲೇ ಹೇಳಿಸುವುದು ಇನ್ನೂ ಚೆನ್ನ. ‘ಎಷ್ಟು ದಿನ ಬೇಕಾಗತ್ತೆ?’ ಎಂದು ಕೇಳಿ, ಅವರು ‘ನಾಲ್ಕು ದಿನ’ ಎಂದರೆ ‘ಒಂದು ವಾರ ಇಟ್ಕೋ, ಮುಂದಿನ ಭಾನುವಾರ ಕೊಡು’ ಎಂದು ಎರಡು ಮೂರು ದಿನ ಸೇರಿಸಿ ಹೇಳಿ. ತಾನೇ ಹೇಳಿದ್ದಕ್ಕಿಂತ ಹೆಚ್ಚು ಸಿಕ್ಕಿದೆ ಎಂದಾಗ ಆ ದಿನವನ್ನು ದಾಟಿಸಲು ಮನಸ್ಸು ಅಳುಕುತ್ತದೆ.

ಎರಡನೆಯದು ಬರಹ. ಲೆಕ್ಕದ ಪುಸ್ತಕ ಇಡುವುದು ಯಾರ ಕೈಲೂ ಹೆಚ್ಚು ದಿನ ನಡೆಯುವುದಿಲ್ಲ, ಸ್ನೇಹಿತನ ಎದುರು ಪುಸ್ತಕ ತೆಗೆಯುವುದು ಚೆನ್ನಾಗಿಯೂ ಕಾಣುವುದಿಲ್ಲ. ಅದಕ್ಕೆ ಬದಲು ವಸ್ತುವನ್ನು ಮೇಜಿನ ಮೇಲಿಟ್ಟು ಒಂದು ಫೋಟೋ ತೆಗೆದು ಅವರಿಗೇ ಕಳಿಸಿ. ಅದರ ಕೆಳಗೆ ಒಂದು ಸಾಲು: ‘ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್, ಐದು ಬಿಟ್. ಭಾನುವಾರ ಸಂಜೆ ಬರ್ತೀನಿ.’ (ಬಿಟ್ ಎಂದರೆ ಡ್ರಿಲ್‌ಗೆ ಸಿಕ್ಕಿಸುವ, ತೂತು ಕೊರೆಯುವ ಕಡ್ಡಿ.) ಕಳಿಸುವಾಗ ‘ಏನೇನು ಕೊಟ್ಟೆ ಅಂತ ನಂಗೇ ಮರೆತು ಹೋಗತ್ತೆ’ ಎಂದು ಹೇಳಿದರೆ ಅನುಮಾನದ ವಾಸನೆಯೂ ಇರುವುದಿಲ್ಲ, ಅದು ನಿಜವೂ ಹೌದು. ಯಾರಿಗೆ ಕೊಟ್ಟೆವು ಎಂಬುದನ್ನು ಕೊಟ್ಟವರೇ ಮರೆಯುವುದರಿಂದ ಎಷ್ಟೋ ವಸ್ತುಗಳು ಹೋಗುತ್ತವೆ. ಒಂದು ಎಚ್ಚರಿಕೆ: ಆ ಚಾಟ್‌ನಲ್ಲಿ ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆನ್ ಆಗಿದೆಯೇ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಅದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಇರುತ್ತದೆ. ಆನ್ ಆಗಿದ್ದರೆ ನಿಮಗೆ ಬೇಕಾದ ಹೊತ್ತಿಗೆ ಆ ಸಾಲು ಉಳಿದಿರುವುದಿಲ್ಲ. ಫೋಟೋವನ್ನು ‘ಎರವಲು’ ಎಂಬ ಹೆಸರಿನ ಬೇರೆ ಆಲ್ಬಮ್ಮಿನಲ್ಲೂ ಹಾಕಿಡಿ, ವಸ್ತು ಬಂದ ದಿನ ಅಲ್ಲಿಂದ ತೆಗೆಯಿರಿ. ಆಲ್ಬಮ್ ತೆರೆದು ನೋಡಿದರೆ ಹೊರಗೆ ಏನೇನಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಇನ್ನು ಬಿಡಿಭಾಗಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಸ್ತು ಪೂರ್ತಿಯಾಗಿ ಕಾಣೆಯಾಗುವುದಕ್ಕಿಂತ ಅರ್ಧ ಮಾತ್ರ ವಾಪಸ್ ಬರುವುದು ಹೆಚ್ಚು, ಆ ಅರ್ಧವನ್ನು ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ. ಯಾವ ಭಾಗ ಉಳಿದುಹೋಗುತ್ತದೆ ಎಂಬುದಕ್ಕೆ ಒಂದು ನಿಯಮವೇ ಇದೆ: ಬಳಸುವಾಗ ವಸ್ತುವಿನ ಮೈಯಿಂದ ಬೇರೆಯಾಗಿ, ಬೇರೆ ಜಾಗದಲ್ಲಿ ಕೂರುವ ಭಾಗ. ಟ್ರೈಪಾಡ್ ತೆಗೆದುಕೊಳ್ಳಿ. ಅದರ ತಲೆಯ ಮೇಲೆ ಒಂದು ಪುಟ್ಟ ಪ್ಲೇಟ್ ಇರುತ್ತದೆ, ಕ್ವಿಕ್ ರಿಲೀಸ್ ಪ್ಲೇಟ್ ಅನ್ನುತ್ತಾರೆ. ಅದರ ಕಾಲು ಇಂಚಿನ ಸ್ಕ್ರೂವನ್ನು ಕ್ಯಾಮೆರಾದ ತಳಕ್ಕೆ ಬಿಗಿದು, ಪ್ಲೇಟನ್ನು ಟ್ರೈಪಾಡಿನ ತಲೆಗೆ ಸಿಕ್ಕಿಸುವುದು. ಕೆಲಸ ಮುಗಿದ ಮೇಲೆ ಕ್ಲಿಪ್ ಎತ್ತಿ ಕ್ಯಾಮೆರಾ ತೆಗೆದಾಗ ಪ್ಲೇಟ್ ಕ್ಯಾಮೆರಾದ ತಳದಲ್ಲೇ ಅಂಟಿಕೊಂಡು ಹೋಗುತ್ತದೆ. ಟ್ರೈಪಾಡ್ ಮಡಚಿ, ಚೀಲಕ್ಕೆ ಹಾಕಿ, ಒರೆಸಿ, ಧನ್ಯವಾದ ಹೇಳಿ ವಾಪಸ್ ಕೊಡುತ್ತಾರೆ. ಕೊಡುವವರಿಗೆ ಅದರ ಸುಳಿವೂ ಇರುವುದಿಲ್ಲ, ಪಡೆಯುವವರೂ ನೋಡುವುದಿಲ್ಲ. ಮುಂದಿನ ಸಲ ಟ್ರೈಪಾಡ್ ನಿಲ್ಲಿಸಿದಾಗ ತಲೆ ಬೋಳಾಗಿರುತ್ತದೆ. ಎಷ್ಟೋ ಕಂಪನಿಗಳ ಪ್ಲೇಟಿನ ಅಳತೆ ಬೇರೆ ಬೇರೆ, ಹಾಗಾಗಿ ಯಾವುದೋ ಒಂದನ್ನು ತಂದು ಸಿಕ್ಕಿಸಲು ಆಗುವುದಿಲ್ಲ.

ಇದೇ ನಿಯಮ ಡ್ರಿಲ್‌ಗೂ ಅನ್ವಯಿಸುತ್ತದೆ. ಬ್ಯಾಟರಿ ಡ್ರಿಲ್ ಆದರೆ ಚಾರ್ಜರ್ ಅವರ ಮನೆಯ ಪ್ಲಗ್ಗಿನಲ್ಲಿ ಉಳಿಯುತ್ತದೆ, ಕೆಲವೊಮ್ಮೆ ಎರಡನೆಯ ಬ್ಯಾಟರಿಯನ್ನು ಹೊತ್ತುಕೊಂಡೇ. ಬಿಟ್ ಬಿಗಿಯಲು ಕೀ ಬೇಕಾಗುವ ಡ್ರಿಲ್ ಆದರೆ ಆ ಕೀ (ಬಿಟ್ ಹಿಡಿಯುವ ಬಾಯಿಗೆ ಚಕ್ ಅನ್ನುತ್ತಾರೆ, ಇದು ಚಕ್ ಕೀ) ಗೋಡೆಯ ಪಕ್ಕದ ಕಿಟಕಿಯ ಮೇಲೆ ಉಳಿಯುತ್ತದೆ. ಕೀ ಇಲ್ಲದೆ ಕೈಯಲ್ಲೇ ಬಿಗಿದರೆ ಬಿಟ್ ಜಾರುತ್ತದೆ, ಅಂದರೆ ಡ್ರಿಲ್ ಇದ್ದೂ ಇಲ್ಲದ ಹಾಗೆ. ಕೀಯನ್ನು ವೈರಿಗೆ, ಪ್ಲಗ್ಗಿನ ಹತ್ತಿರ, ಗಟ್ಟಿ ದಾರದಲ್ಲಿ ಕಟ್ಟಿಬಿಡಿ. ಹತ್ತಿರ ಎಂದದ್ದಕ್ಕೆ ಕಾರಣವಿದೆ: ಅಲ್ಲಿ ಕಟ್ಟಿದರೆ ಕೀ ತಿರುಗಿಸಲು ಪ್ಲಗ್ ಕಿತ್ತು ಹತ್ತಿರ ತರಲೇಬೇಕಾಗುತ್ತದೆ, ಕರೆಂಟ್ ಇರುವಾಗ ಚಕ್‌ಗೆ ಕೈ ಹಾಕುವ ಅಪಾಯವೂ ತಪ್ಪುತ್ತದೆ. ಪಕ್ಕದ ಹಿಡಿ ಮತ್ತು ಆಳ ಅಳೆಯುವ ಕಡ್ಡಿ ಇಕ್ಕಟ್ಟಾದ ಜಾಗದಲ್ಲಿ ಅಡ್ಡ ಬಂದಿತೆಂದು ಬಿಚ್ಚಿಟ್ಟದ್ದು ಅಲ್ಲೇ ಉಳಿಯುತ್ತದೆ. ಪ್ರೊಜೆಕ್ಟರಿನಲ್ಲಿ ರಿಮೋಟ್, ಡೇರೆಯಲ್ಲಿ ನೆಲಕ್ಕೆ ಹೊಡೆದ ಗೂಟಗಳು, ಕ್ಯಾಮೆರಾದಲ್ಲಿ ಲೆನ್ಸಿನ ಮುಚ್ಚಳ ಮತ್ತು ಫೋಟೋ ನಕಲಿಸಲು ಲ್ಯಾಪ್‌ಟಾಪಿಗೆ ಹಾಕಿದ ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕಿನಲ್ಲಿ ಕೇಬಲ್, ಸೂಟ್‌ಕೇಸಿನಲ್ಲಿ ಬದಲಾಯಿಸಿದ ಲಾಕ್ ನಂಬರ್. ನಂಬರ್ ಭಾಗವಲ್ಲದಿದ್ದರೂ ಅದೂ ಅವರ ಹತ್ತಿರವೇ ಉಳಿಯುತ್ತದೆ. ವಾಪಸ್ ಪಡೆಯುವಾಗ ‘ನಂಬರ್ ಎಷ್ಟಕ್ಕೆ ಇಟ್ಟಿದೀಯಾ?’ ಎಂದು ಕೇಳಿ, ತೆರೆದು ನೋಡಿ.

ಬಿಡಿಭಾಗ ಇರುವ ಯಾವುದನ್ನೂ ಬರಿಗೈಯಲ್ಲಿ ಕೊಡಬೇಡಿ, ಚೀಲದಲ್ಲಿ ಕೊಡಿ. ಚೀಲದ ಒಳಮುಚ್ಚಳಕ್ಕೆ ಒಳಗಿರುವುದರ ಪಟ್ಟಿ ಅಂಟಿಸಿ, ಕೊನೆಯಲ್ಲಿ ‘ಒಟ್ಟು 9’ ಎಂದು ಬರೆಯಿರಿ. ಸಾಮಾನು ತುಂಬುವವರು ಪಟ್ಟಿ ಓದದಿದ್ದರೂ ಎಣಿಸಿಯಾರು. ಕೊಡುವ ಮೊದಲು ಎಲ್ಲವನ್ನೂ ಹರಡಿ ಫೋಟೋ ತೆಗೆಯಿರಿ, ವಾಪಸ್ ಬಂದಾಗ ಅದೇ ರೀತಿ ಹರಡಿ, ಅವರು ಎದುರಿಗಿರುವಾಗಲೇ. ಡ್ರಿಲ್ ಆದರೆ ಐದು ಸೆಕೆಂಡ್ ಓಡಿಸಿ, ಪ್ರೊಜೆಕ್ಟರ್ ಆದರೆ ಒಮ್ಮೆ ಹಚ್ಚಿ ಆರಿಸಿ. ಇದು ಅವಮಾನವಾದೀತು ಎಂದು ಅನೇಕರು ಹಿಂಜರಿಯುತ್ತಾರೆ. ನನಗೆ ಅನಿಸುವುದು ಬೇರೆ. ಒಂದು ದಿನ ಬಿಟ್ಟು ನೋಡಿ ‘ಚಾರ್ಜರ್ ಇಲ್ಲ’ ಎಂದರೆ, ಕಳೆದದ್ದು ಯಾರ ಮನೆಯಲ್ಲಿ ಎಂಬುದು ಇಬ್ಬರಿಗೂ ಖಾತ್ರಿಯಿರುವುದಿಲ್ಲ, ಆ ಅನುಮಾನ ಇಬ್ಬರ ಮನಸ್ಸಿನಲ್ಲೂ ಉಳಿಯುತ್ತದೆ. ಅಲ್ಲೇ ನೋಡಿದರೆ ‘ಓ, ಪ್ಲಗ್ಗಲ್ಲೇ ಬಿಟ್ಟು ಬಂದೆ’ ಎನ್ನುವಲ್ಲಿಗೆ ಮುಗಿಯುತ್ತದೆ.

ಹೆಸರು ಬರೆಯುವ ವಿಷಯದಲ್ಲಿ ಜನ ಒಂದು ತಪ್ಪು ಮಾಡುತ್ತಾರೆ: ಹೆಸರು ಮಾತ್ರ ಬರೆಯುತ್ತಾರೆ. ವಸ್ತು ಮೂರನೆಯವರ ಕೈಗೆ ಹೋದಾಗ ಆ ಹೆಸರು ಯಾರದೆಂದು ಅವರಿಗೆ ಗೊತ್ತಾಗುವುದಿಲ್ಲ. ಫೋನ್ ನಂಬರ್ ಇರಬೇಕು, ‘ದಯವಿಟ್ಟು ವಾಪಸ್ ಕೊಡಿ’ ಎಂಬ ಎರಡು ಮಾತೂ ಇದ್ದರೆ ಒಳ್ಳೆಯದು. ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಕೈಯುಜ್ಜಿ ಅಳಿಸಿಹೋಗುತ್ತದೆ, ಸ್ಪಿರಿಟ್ ತಾಗಿದರಂತೂ ಕ್ಷಣದಲ್ಲಿ. ಬರೆದು ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಬಾಳುತ್ತದೆ. ಚಾರ್ಜರ್, ಕೇಬಲ್, ಬ್ಯಾಟರಿಗಳಿಗೆ ನಂಬರ್ ಬರೆಯಲು ಜಾಗವಿರುವುದಿಲ್ಲ. ಅವಕ್ಕೆ ಬಣ್ಣದ ಟೇಪಿನ ಎರಡು ಸುತ್ತು ಹಾಕಿ, ಒಂದು ಬಣ್ಣ ಸಾಲದು, ಎರಡು ಬಣ್ಣ ಅಕ್ಕಪಕ್ಕ. ಮನೆಯ ಎಲ್ಲ ವಸ್ತುಗಳಿಗೂ ಅದೇ ಜೋಡಿ ಬಣ್ಣವಿದ್ದರೆ ಬೇರೆಯವರ ಮನೆಯ ಕೇಬಲ್ ರಾಶಿಯಲ್ಲೂ ನಿಮ್ಮದು ದೂರದಿಂದಲೇ ಗೊತ್ತಾಗುತ್ತದೆ. ನೀವು ಹೇಳಬೇಕಾಗಿಯೂ ಇಲ್ಲ, ಅವರಿಗೇ ಕಾಣುತ್ತದೆ. ಬಟ್ಟೆಗೆ ಒಳಗಿನ ಲೇಬಲ್ಲಿನ ಮೇಲೆ ಒಗೆದರೂ ಹೋಗದ ಮಾರ್ಕರ್ ಬಳಸಿ.

ಪುಸ್ತಕದ ಕಥೆ ಬೇರೆ. ವಾಪಸ್ ಬರದ ಪುಸ್ತಕಗಳನ್ನು ಗಮನಿಸಿದರೆ ಅವುಗಳಲ್ಲಿ ಹೆಚ್ಚಿನವು ಕೇಳದೆ ಕೊಟ್ಟವು: ‘ಇದನ್ನ ನೀನು ಓದಲೇಬೇಕು ಮಾರಾಯ’ ಎಂದು ಕೈಗೆ ತುರುಕಿದವು. ತೆಗೆದುಕೊಂಡವರಿಗೆ ಅದನ್ನು ಓದುವ ತುರ್ತು ಇರುವುದಿಲ್ಲ, ಓದದೆ ವಾಪಸ್ ಕೊಟ್ಟರೆ ‘ಹೇಗಿತ್ತು?’ ಎಂಬ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ಓದಿದ ಮೇಲೆ ಕೊಡೋಣ ಎಂದು ಇಟ್ಟದ್ದು ಅಲ್ಲೇ ಧೂಳು ಹಿಡಿಯುತ್ತದೆ. ಪುಸ್ತಕ ಕೇಳಿದವರಿಗೆ ಕೊಡಿ, ಕೇಳದವರಿಗೆ ಹೆಸರು ಹೇಳಿ ಬಿಡಿ. ಕೊಡುವಾಗ ‘ಓದೋಕೆ ಆಗದಿದ್ರೂ ಪರವಾಗಿಲ್ಲ, ಒಂದು ತಿಂಗಳಾದ ಮೇಲೆ ಕೊಟ್ಟುಬಿಡು’ ಎಂದು ಸೇರಿಸಿ. ಈ ಒಂದು ಮಾತು ಎಷ್ಟು ಪುಸ್ತಕ ಉಳಿಸುತ್ತದೆ ಎಂದರೆ ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸಂಪುಟಗಳಿರುವ ಪುಸ್ತಕವಾದರೆ ಮೊದಲನೆಯದು ಬಂದ ಮೇಲೆಯೇ ಎರಡನೆಯದು. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ನಡುವಿನ ಒಂದು ಹೋಗಿ ಇಡೀ ಕಟ್ಟು ಕುಂಟುತ್ತದೆ.

ಹೆಸರನ್ನು ಪೆನ್ಸಿಲ್‌ನಲ್ಲಿ, 2ಬಿಯಂಥ ಮೆತ್ತನೆಯದರಲ್ಲಿ, ಶೀರ್ಷಿಕೆ ಪುಟದ ಮೇಲ್ಗಡೆ ಬರೆಯಿರಿ. ಪೆನ್ನಿನ ಶಾಯಿ ತೆಳು ಕಾಗದದಲ್ಲಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಒಳಗೆ ಯಾವುದೋ ಒಂದು ಗೊತ್ತಾದ ಪುಟದಲ್ಲಿ, ಎಲ್ಲ ಪುಸ್ತಕಗಳಿಗೂ 51 ಎಂದಿಟ್ಟುಕೊಳ್ಳಿ, ಹೊಲಿಗೆಯ ಹತ್ತಿರದ ಅಂಚಿನಲ್ಲಿ ಸಣ್ಣಗೆ ಇನ್ನೊಮ್ಮೆ. ರಟ್ಟು ಹರಿದು ಮೊದಲ ಪುಟಗಳು ಉದುರಿದರೂ ಗುರುತು ಉಳಿಯುತ್ತದೆ. ಹೆಸರಿನ ಚೀಟಿಯನ್ನು ಸೆಲ್ಲೋಟೇಪಿನಿಂದ ಅಂಟಿಸಬೇಡಿ, ಕೆಲವು ವರ್ಷಗಳಲ್ಲಿ ಟೇಪ್ ಹಳದಿಯಾಗಿ ಕಾಗದಕ್ಕೂ ಕಲೆ ಹತ್ತುತ್ತದೆ. ಇನ್ನು ಕಪಾಟಿನಲ್ಲಿ ಪುಸ್ತಕವಿದ್ದ ಜಾಗಕ್ಕೆ ಒಂದು ರಟ್ಟಿನ ತುಂಡು ಸಿಕ್ಕಿಸಿ, ಅದರ ಮೇಲೆ ಪುಸ್ತಕದ ಹೆಸರು, ಯಾರಿಗೆ, ಯಾವ ದಿನ. ರಟ್ಟು ಪಕ್ಕದ ಪುಸ್ತಕಗಳಿಗಿಂತ ಎರಡು ಬೆರಳು ಎತ್ತರವಿರಲಿ. ಇದು ಗ್ರಂಥಾಲಯಗಳ ಹಳೆಯ ಪದ್ಧತಿ. ರಟ್ಟಿಲ್ಲದಿದ್ದರೆ ಅಕ್ಕಪಕ್ಕದ ಪುಸ್ತಕಗಳು ವಾಲಿ ಜಾಗ ಮುಚ್ಚಿಕೊಳ್ಳುತ್ತದೆ, ಜಾಗ ಮುಚ್ಚಿದ ಮೇಲೆ ನೆನಪೂ ಮುಚ್ಚಿಕೊಳ್ಳುತ್ತದೆ. ಮಧ್ಯಯುಗದ ಯುರೋಪಿನ ಗ್ರಂಥಾಲಯಗಳು ಪುಸ್ತಕವನ್ನೇ ಸರಪಳಿಯಿಂದ ಕಪಾಟಿಗೆ ಕಟ್ಟಿದ್ದವು. ಇಂಗ್ಲೆಂಡಿನ ಹೆರ್‌ಫರ್ಡ್ ಚರ್ಚಿನಲ್ಲಿ ಅಂಥದೊಂದು ಇಂದಿಗೂ ಇದೆ. ಸರಪಳಿ ಮುಂದಿನ ರಟ್ಟಿನ ಅಂಚಿಗೆ ಬಿಗಿದಿರುವುದರಿಂದ ಅಲ್ಲಿ ಪುಸ್ತಕಗಳ ಬೆನ್ನು ಒಳಗಡೆಗೆ, ಹಾಳೆಯ ಅಂಚು ಹೊರಗಡೆಗೆ. ಮನೆಗೆ ರಟ್ಟು ಸಾಕು.

ಬ್ಯಾಟರಿ ಇರುವ ವಸ್ತು ತಡವಾಗಿ ಬಂದರೆ ಕೆಟ್ಟೇ ಬರುವ ಸಂಭವವಿದೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿಯಾದ ಮೇಲೆ ತಿಂಗಳುಗಟ್ಟಲೆ ಹಾಗೇ ಇಟ್ಟರೆ ವೋಲ್ಟೇಜ್ ಮತ್ತೂ ಇಳಿದು, ಒಳಗಿನ ರಕ್ಷಣಾ ಸರ್ಕ್ಯೂಟ್ ಅದನ್ನು ಮತ್ತೆ ಚಾರ್ಜ್ ಆಗಲು ಬಿಡದಿರಬಹುದು. ಅರ್ಧ ಚಾರ್ಜಿನಲ್ಲಿ ಇಡಬೇಕು. ಟಾರ್ಚು, ರಿಮೋಟುಗಳಲ್ಲಿ ಹಾಕುವ ಆಲ್ಕಲೈನ್ ಸೆಲ್ಲುಗಳು ಒಳಗೇ ಉಳಿದರೆ ಸೋರಿ, ಸ್ಪ್ರಿಂಗ್ ಮತ್ತು ತಗಡನ್ನು ತಿಂದುಹಾಕುತ್ತವೆ. ‘ಕೆಲಸ ಆದ ಮೇಲೆ ಸೆಲ್ ತೆಗೆದಿಡು’ ಎಂದು ಕೊಡುವಾಗಲೇ ಹೇಳಿ. ಪೆನ್‌ಡ್ರೈವ್ ಕೊಟ್ಟರೆ ಅದು ಹೋಯಿತೆಂದೇ ಲೆಕ್ಕ. ಫೈಲಿನ ಲಿಂಕ್ ಕಳಿಸಿ. ಹಾರ್ಡ್ ಡಿಸ್ಕ್ ಕೊಡಲೇಬೇಕಾದರೆ ಒಳಗಿನದೆಲ್ಲ ಬೇರೆ ಕಡೆ ನಕಲಾಗಿರಬೇಕು, ನಿಮ್ಮ ಖಾಸಗಿ ಫೈಲುಗಳು ಅದರಲ್ಲಿ ಇರಬಾರದು. ಟ್ಯಾಬ್, ಲ್ಯಾಪ್‌ಟಾಪ್ ಆದರೆ ನಿಮ್ಮ ಖಾತೆಯಿಂದ ಹೊರಬಂದು, ಬೇರೆ ಯೂಸರ್ ಮಾಡಿಕೊಡಿ.

ವಾಹನದ ವಿಷಯದಲ್ಲಿ ಒಂದೇ ಮಾತು: ಬೇರೆಯವರು ಓಡಿಸುವಾಗ ಅಪಘಾತವಾದರೆ ವಿಮೆ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಪಾಲಿಸಿಯಲ್ಲಿ ಓದಿಕೊಳ್ಳದೆ ಕೀ ಕೊಡಬೇಡಿ.

ಬಳಸಿದಂತೆ ಸವೆಯುವುದನ್ನು ಎರವಲು ಎಂದು ಎಣಿಸುವುದೇ ತಪ್ಪು. ಡ್ರಿಲ್ ವಾಪಸ್ ಬರುತ್ತದೆ, ಬಿಟ್ ಮೊಂಡಾಗುತ್ತದೆ. ಗೋಡೆಗೆ ಕಾರ್ಬೈಡ್ ತುದಿಯ ಬಿಟ್ ಬೇಕೆಂದು ಗೊತ್ತಿಲ್ಲದವರು ಕಬ್ಬಿಣಕ್ಕೆ ಬಳಸುವ ಬಿಟ್ಟನ್ನು ಗೋಡೆಗೆ ಒತ್ತುತ್ತಾರೆ. ಅದು ಕಾದು ನೀಲಿಗಟ್ಟಿ, ಆಮೇಲೆ ಕಬ್ಬಿಣಕ್ಕೂ ಬಾರದಂತಾಗುತ್ತದೆ. ಅವರಿಗೆ ಬೇಕಾದ ಬಿಟ್ ಮಾತ್ರ ಕೊಡಿ, ‘ಇದು ಗೋಡೆಗೆ, ಇದು ಮರಕ್ಕೆ’ ಎಂದು ತೋರಿಸಿ, ಅದು ಸವೆದರೆ ಸವೆಯಲಿ ಎಂದು ಮನಸ್ಸಿನಲ್ಲೇ ಬಿಟ್ಟುಬಿಡಿ. ಅಂಟು, ಉಪ್ಪುಕಾಗದ, ಸೆಲ್ಲು ಇವುಗಳನ್ನೂ ಹಾಗೆಯೇ.

‘ಬೇರೆ ಯಾರಿಗೂ ಕೊಡಬೇಡ’ ಎಂಬುದೂ ಕೊಡುವಾಗಲೇ ಬರಬೇಕಾದ ಮಾತು. ಒಂದು ಕೈ ದಾಟಿದ ಎರವಲು ವಾಪಸ್ ಬರುವುದು ಅಪರೂಪ, ಏಕೆಂದರೆ ಮೂರನೆಯವರಿಗೆ ನಿಮ್ಮ ಪರಿಚಯವಿಲ್ಲ, ನಡುವಿನವರಿಗೆ ಅವರನ್ನು ಕೇಳಲು ಸಂಕೋಚ. ‘ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು’ ಎಂದು ಹೇಳಿದರೆ ನಡುವಿನವರಿಗೂ ಇಲ್ಲ ಎನ್ನಲು ಒಂದು ದಾರಿ ಸಿಗುತ್ತದೆ.

ಇಷ್ಟಾದರೂ ವಾಯಿದೆ ದಾಟಿತು ಎನ್ನಿ. ಮೂರು ದಿನದೊಳಗೆ ಕೇಳಿ, ಸುತ್ತುಬಳಸದೆ ಕೇಳಿ. ‘ಆ ಡ್ರಿಲ್ ಕೆಲಸ ಆಯ್ತಾ?’ ಎನ್ನುವುದು ಕೇಳಿದ ಹಾಗಲ್ಲ. ‘ಹೂಂ, ಆಯ್ತು’ ಎಂಬ ಉತ್ತರ ಬರುತ್ತದೆ, ಡ್ರಿಲ್ ಬರುವುದಿಲ್ಲ. ಸುಳ್ಳು ನೆಪವೂ ಬೇಡ. ‘ನಾಳೆ ನಮ್ಮನೇಲಿ ಕೆಲಸ ಇದೆ’ ಎಂದರೆ ಅವರು ‘ನಾಳಿದ್ದು ಕೊಟ್ರೆ ಆಗತ್ತಾ?’ ಎನ್ನುತ್ತಾರೆ, ಅಲ್ಲಿಗೆ ನೆಪ ಮುಗಿಯಿತು. ನಿಮ್ಮ ವಸ್ತು ನಿಮಗೆ ಬೇಕು ಎಂಬುದಕ್ಕೆ ಕಾರಣದ ಅಗತ್ಯವಿಲ್ಲ. ಹೀಗೆ ಹೇಳಿ ನೋಡಿ: ‘ಶನಿವಾರ ಬೆಳಗ್ಗೆ ಆ ಕಡೆ ಬರ್ತಿದೀನಿ ಕಣೋ, ಡ್ರಿಲ್ ತಗೊಂಡು ಹೋಗ್ತೀನಿ. ಹತ್ತೂವರೆಗೆ ಮನೇಲಿ ಇರ್ತೀಯಾ?’ ಇದರಲ್ಲಿ ಅವರು ಉತ್ತರಿಸಬೇಕಾದದ್ದು ಹತ್ತೂವರೆಯ ಪ್ರಶ್ನೆಗೆ ಮಾತ್ರ. ಹೊರುವ ಕೆಲಸ, ತಡವಾದ ಮುಜುಗರ ಎರಡನ್ನೂ ನೀವು ತೆಗೆದುಕೊಂಡಿರುತ್ತೀರಿ. ವಯಸ್ಸಿನಲ್ಲಿ ಹಿರಿಯರಾದರೆ ‘ಶನಿವಾರ ಬಂದಾಗ ಆ ಏಣಿ ತಗೊಂಡು ಹೋಗ್ಲಾ ಸಾರ್?’ ಎಂದು ಕೇಳಿದರೂ ಅದೇ ಫಲ. ನಾಲ್ಕು ಜನರ ಎದುರು, ಗ್ರೂಪಿನಲ್ಲಿ, ತಮಾಷೆಯ ಧಾಟಿಯಲ್ಲಿ ಮಾತ್ರ ಎಂದಿಗೂ ಕೇಳಬೇಡಿ. ವಸ್ತು ಮಾರನೆಯ ದಿನವೇ ಬಂದೀತು, ಸ್ನೇಹ ಬರುವುದಿಲ್ಲ.

ತುಂಬ ಹಳೆಯದಾಗಿದ್ದರೆ ಮೆಸೇಜು ಬಿಟ್ಟು ಫೋನ್ ಮಾಡಿ. ಬರಹದಲ್ಲಿ ಬಂದ ಪ್ರಶ್ನೆಗೆ ಅವರು ನೆಪ ಹುಡುಕುತ್ತಾ ಉತ್ತರ ಮುಂದೂಡುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ ಎಂಬುದು ಕೇಳಿಸಿದರೆ ನಿರಾಳರಾಗಿ ‘ಇದೆ, ಇಲ್ಲೇ ಇದೆ’ ಎನ್ನುತ್ತಾರೆ. ಎರಡು ಸಲ ಕೇಳಿಯೂ ಬರಲಿಲ್ಲವಾದರೆ ಮೂರನೆಯ ಸಲ ಕೇಳುವ ಮುನ್ನ ಒಮ್ಮೆ ಯೋಚಿಸಿ: ವಸ್ತು ಮುರಿದಿರಬಹುದು ಅಥವಾ ಕಳೆದಿರಬಹುದು. ಹೇಳಲು ಬಾಯಿ ಬಾರದೆ ಮುಂದೂಡುತ್ತಿರುವವರ ಲಕ್ಷಣ ಇದೇ. ಆಗ ನೀವೇ ಬಾಗಿಲು ತೆಗೆಯಬೇಕು: ‘ಕೆಟ್ಟು ಹೋಗಿದ್ರೂ ಪರವಾಗಿಲ್ಲ, ಹೇಳು.’ ಹೇಳಿದ ಮೇಲೆ ಏನು ಮಾಡುವುದೆಂದು ಅಲ್ಲೇ ತೀರ್ಮಾನಿಸಿ: ರಿಪೇರಿಯೋ, ಅಂಥದೇ ಇನ್ನೊಂದೋ, ಅರ್ಧ ಬೆಲೆಯೋ, ಬಿಟ್ಟುಬಿಡುವುದೋ. ಬಿಡುವುದಾದರೆ ಬಾಯಿಬಿಟ್ಟು ‘ಅದನ್ನ ಬಿಟ್ಟುಬಿಡು, ಇನ್ನು ಅದರ ವಿಷಯ ಇಲ್ಲ’ ಎಂದು ಹೇಳಬೇಕು. ಮನಸ್ಸಿನಲ್ಲೇ ಬಿಟ್ಟರೆ ಅದು ಅವರಿಗೆ ತಲುಪುವುದಿಲ್ಲ, ನಿಮ್ಮನ್ನು ಕಂಡಾಗಲೆಲ್ಲ ಅವರು ಕುಗ್ಗುತ್ತಲೇ ಇರುತ್ತಾರೆ.

ಕೊಡಲೇಬಾರದ ವಸ್ತುಗಳೂ ಇವೆ. ಅಂಥವನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು, ಕೇಳಿದ ಹೊತ್ತಿನಲ್ಲಿ ತೂಗಲು ಆಗುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದರೆ ಇಂಥದೇ ಇನ್ನೊಂದು ಸಿಗುತ್ತದೆಯೇ? ಸಿಗದಿದ್ದರೆ, ಆ ಸ್ನೇಹಿತನನ್ನು ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆಯೇ? ಮುದ್ರಣ ನಿಂತ ಪುಸ್ತಕ, ತೀರಿಹೋದವರು ಕೊಟ್ಟ ಗಡಿಯಾರ, ನಿಮ್ಮ ಅನ್ನಕ್ಕೆ ದಾರಿಯಾದ ಉಪಕರಣ ಈ ಸಾಲಿಗೆ ಸೇರುತ್ತವೆ. ಇಲ್ಲ ಎನ್ನುವಾಗ ವ್ಯಕ್ತಿಯನ್ನು ನೋಡಿ ಇಲ್ಲ ಎನ್ನಬಾರದು, ನಿಯಮ ಹೇಳಬೇಕು: ‘ಇದನ್ನ ನಾನು ಯಾರಿಗೂ ಕೊಡೋದಿಲ್ಲ.’ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಪುಸ್ತಕ ಹೊರಗೆ ಕೊಡಬಾರದೆಂಬ ನಿಯಮವಿತ್ತು. 1645ರಲ್ಲಿ ದೊರೆ ಒಂದನೆಯ ಚಾರ್ಲ್ಸ್ ಪುಸ್ತಕ ಕೇಳಿ ಕಳಿಸಿದಾಗ ಗ್ರಂಥಪಾಲಕ ಜಾನ್ ರೌಸ್ ಆ ನಿಯಮವನ್ನೇ ತೋರಿಸಿದ, ದೊರೆ ಒಪ್ಪಿಕೊಂಡ. 1654ರಲ್ಲಿ, ಆ ದೊರೆಯ ವಿರುದ್ಧ ಯುದ್ಧ ಮಾಡಿದ ಕ್ರಾಮ್‌ವೆಲ್ ಕೇಳಿದಾಗಲೂ ಅದೇ ಉತ್ತರ ಹೋಯಿತು. ಎಲ್ಲರಿಗೂ ಒಂದೇ ಆದಾಗ ಇಲ್ಲ ಎಂಬುದು ಯಾರಿಗೂ ಅವಮಾನವಾಗುವುದಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎಂದ ದಿನ ಆ ನಿಯಮ ಸತ್ತಿತು. ಇಲ್ಲ ಎಂದ ಜೊತೆಗೆ ಇನ್ನೇನಾದರೂ ಕೊಡಲು ಸಾಧ್ಯವೇ ನೋಡಿ. ‘ಇಲ್ಲೇ ಬಂದು ಓದ್ಕೋ’, ‘ನಾನೇ ಬಂದು ಎರಡು ತೂತು ಹಾಕಿಕೊಡ್ತೀನಿ’ ಎಂದರೆ ಅವರ ಕೆಲಸವೂ ಆಗುತ್ತದೆ.

ತೆಗೆದುಕೊಂಡವರ ಕಡೆಯಿಂದಲೂ ಹೇಳಬೇಕಾದದ್ದಿದೆ. ಮುರಿದರೆ ಅದೇ ದಿನ ತಿಳಿಸಿ, ಕೇಳದೆ ನೀವೇ ರಿಪೇರಿಗೆ ಕೈ ಹಾಕಬೇಡಿ. ಒರೆಸಿ, ಚಾರ್ಜ್ ಮಾಡಿ, ಚೀಲದಲ್ಲಿ ಹಾಕಿ ಕೊಡಿ. ವರ್ಷಗಟ್ಟಲೆ ತಡವಾಗಿದ್ದರೆ ಉದ್ದದ ವಿವರಣೆ ಬೇಡ, ‘ಇದು ನಿಂದು, ತುಂಬ ತಡ ಮಾಡಿದೆ, ಸಾರಿ’ ಸಾಕು. ಎಷ್ಟು ತಡವಾದರೂ ಕೊಡಬಹುದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಸೊಸೈಟಿ ಗ್ರಂಥಾಲಯದಿಂದ ಎರಡು ಪುಸ್ತಕ ತಂದದ್ದು ಅಲ್ಲಿನ ಖಾತೆಪುಸ್ತಕದಲ್ಲಿದೆ, ವಾಪಸ್ ಬಂದದ್ದು ಇಲ್ಲ. ಅವನ ಮನೆ ಮೌಂಟ್ ವೆರ್ನನ್ ಅನ್ನು ನೋಡಿಕೊಳ್ಳುವ ಸಂಸ್ಥೆಯವರು ಅದರಲ್ಲಿ ಒಂದರ ಅದೇ ಆವೃತ್ತಿಯ ಬೇರೊಂದು ಪ್ರತಿಯನ್ನು ಹುಡುಕಿ 2010ರ ಮೇ ತಿಂಗಳಲ್ಲಿ ಗ್ರಂಥಾಲಯಕ್ಕೆ ಕೊಟ್ಟರು. ಖಾತೆಯಲ್ಲಿ ಒಂದು ಸಾಲು ಉಳಿದಿದ್ದರಿಂದ ಅದು ಸಾಧ್ಯವಾಯಿತು.

ಆ ಒಂದು ಸಾಲನ್ನು ತೆಗೆದುಕೊಂಡವರೂ ಬರೆದಿಡಬಹುದು. ಬೇರೆಯವರ ವಸ್ತು ಮನೆಗೆ ಬಂದ ದಿನವೇ ಅದರ ಮೇಲೆ ಒಂದು ಚೀಟಿ ಅಂಟಿಸಿ: ಯಾರದು, ಅವರ ಫೋನ್ ನಂಬರ್, ಯಾವ ದಿನ ತಂದದ್ದು, ಯಾವ ದಿನ ಕೊಡಬೇಕು. ನೀವು ಊರಿನಲ್ಲಿಲ್ಲದಾಗ ಅವರು ಬಂದರೆ ಮನೆಯವರು ತೆಗೆದು ಕೊಡುತ್ತಾರೆ. ಎಲ್ಲ ಎರವಲೂ ಒಂದೇ ಕಡೆ, ಬಾಗಿಲ ಹತ್ತಿರದ ಒಂದು ಮೂಲೆಯಲ್ಲಿ ಇರಲಿ, ಬೀರುವಿನೊಳಗೆ ಹೋಗದಿರಲಿ. ಮನೆ ಬದಲಾಯಿಸುವುದಿದ್ದರೆ ಸಾಮಾನು ಕಟ್ಟುವುದನ್ನು ಆ ಮೂಲೆಯಿಂದಲೇ ಶುರು ಮಾಡಿ. ಅಲ್ಲಿರುವುದನ್ನೆಲ್ಲ ಲಾರಿ ಬರುವ ಹಿಂದಿನ ವಾರವೇ ಅವರವರ ಮನೆಗೆ ಮುಟ್ಟಿಸಿ ಬನ್ನಿ, ಏಕೆಂದರೆ ಒಮ್ಮೆ ಪೆಟ್ಟಿಗೆ ಸೇರಿ ಹೊಸ ಮನೆಗೆ ಹೋದ ಎರವಲನ್ನು ಮತ್ತೆ ಬೇರ್ಪಡಿಸುವವರು ತೀರಾ ಕಡಿಮೆ.